ಪ್ಲೇನ್ ಅಂದ್ರೆ ಜೀವ ಬಾಯಿಗೆ ಬರುತ್ತೆ, ಮಗಳ ಬಾಣಂತನಕ್ಕೆ ಹೋಗೋದು ಹೇಗೆ?

ಪ್ರಶ್ನೆ: ನನಗೆ 54 ವರ್ಷ, ಬಸವೇಶ್ವರನಗರದಲ್ಲಿದ್ದೀವಿ, ಹೈಸ್ಕೂಲಲ್ಲಿ ಗಣಿತ ಟೀಚರ್. ನಾಲ್ಕು ವರ್ಷದ ಹಿಂದೆ ಜುಲೈ ತಿಂಗಳಲ್ಲಿ ನಾದಿನಿ ಮನೆ ಗೃಹಪ್ರವೇಶಕ್ಕೆ ಅಂತ ಮಂಗಳೂರಿಗೆ ಫ್ಲೈಟಲ್ಲಿ ಹೊರಟ್ವಿ. ಮಳೆ, ಮೋಡ, ಕುಲುಕಾಟ. ಇನ್ನೇನು ನೆಲ ಮುಟ್ಟುತ್ತೆ ಅನ್ನೋವಾಗ ಜೋರಾಗಿ ಸದ್ದು ಮಾಡಿ ಮತ್ತೆ ಮೇಲಕ್ಕೆ ಎದ್ದುಬಿಡ್ತು. ಎರಡು ಸಲ ಹಾಗೇ ಆಯ್ತು, ಆಮೇಲೆ ವಾಪಸ್ ಬೆಂಗಳೂರಿಗೇ ಕರ್ಕೊಂಡು ಬಂದ್ರು. ಅವತ್ತಿಂದ ನಾನು ಪ್ಲೇನ್ ಹತ್ತಿಲ್ಲ. ಅಣ್ಣನ ಮಗನ ಮದುವೆಗೆ ದೆಹಲಿಗೆ ಎರಡು ರಾತ್ರಿ ಟ್ರೈನಲ್ಲಿ ಹೋಗಿಬಂದೆ. 2025ರ ಅಹಮದಾಬಾದ್ ದುರಂತದ ವಿಡಿಯೋ ನೋಡಿದ ಮೇಲಂತೂ ತಲೆ ಮೇಲೆ ಪ್ಲೇನ್ ಹೋದ್ರೂ ಎದೆ ಝಲ್ ಅನ್ನುತ್ತೆ. ಈಗ ಮಗಳು ಫ್ರಾಂಕ್‌ಫರ್ಟಲ್ಲಿ ಗರ್ಭಿಣಿ, ಡಿಸೆಂಬರ್ ಮೊದಲ ವಾರ ಡೇಟ್ ಕೊಟ್ಟಿದ್ದಾರೆ. ನವೆಂಬರಲ್ಲಿ ನಾನು ಹೊರಡ್ಲೇಬೇಕು. ಭಯ ಪೂರ್ತಿ ಹೋಗೋ ಹಾಗೆ ಏನಾದ್ರೂ ಹೇಳಿ, ಭಯ ಹೋದ ಮೇಲೆ ಟಿಕೆಟ್ ಬುಕ್ ಮಾಡೋಣ ಅಂತ ಅಳಿಯಂದ್ರಿಗೆ ಹೇಳಿದ್ದೀನಿ. ಪಕ್ಕದ ಮನೆಯವರು ತಮ್ಮ ಹತ್ರ ಇರೋ ಆಲ್ಪ್ರಜೋಲಾಮ್ ಅನ್ನೋ ಗಾಬರಿ ಇಳಿಸೋ ಮಾತ್ರೆ ಕೊಡ್ತೀನಿ ಅಂತಿದ್ದಾರೆ, ತಗೋಬಹುದಾ?

ಉತ್ತರ: ಮೇಡಂ, ಭಯ ಹೋದ ಮೇಲೆ ಟಿಕೆಟ್ ಅಂದ್ರಲ್ಲ, ಆ ಸ್ಟೆಪ್ ಉಲ್ಟಾ ಆಗಿದೆ. ಮೊದಲು ಟಿಕೆಟ್, ಆಮೇಲೆ ಭಯ ಇಳಿಯೋದು. ನಾನು ಇಪ್ಪತ್ತು ವರ್ಷದಿಂದ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡ್ತಿದ್ದೀನಿ, ಜಯನಗರದ ನನ್ನ ರೂಮಿಗೆ ಪ್ಲೇನ್ ಭಯ ಅಂತ ಬರೋರು ಹತ್ತರಲ್ಲಿ ಒಂಬತ್ತು ಜನ ನೀವು ಕೇಳಿದ್ದನ್ನೇ ಕೇಳ್ತಾರೆ, "ಫಸ್ಟು ಭಯ ತೆಗೀರಿ, ಆಮೇಲೆ ಹತ್ತೀನಿ" ಅಂತ. ಈಜು ಕಲಿತ ಮೇಲೇನೇ ನೀರಿಗೆ ಇಳಿಯೋದು ಅಂದ ಹಾಗೆ ಅದು. ಈಗ ಜುಲೈ, ನಿಮ್ಮ ಕೈಲಿ ನಾಲ್ಕು ತಿಂಗಳಿದೆ, ಅದು ಸಾಕಾದಷ್ಟು ಟೈಮು. ಇವತ್ತೇ ಅಳಿಯಂದ್ರಿಗೆ ಫೋನ್ ಮಾಡಿ ಬುಕ್ ಮಾಡಪ್ಪ ಅನ್ನಿ, ಆಮೇಲೆ ಬಂದು ಮುಂದಿಂದು ಓದಿ.

ನನ್ನ ಬಗ್ಗೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಈ ವಿಷಯಕ್ಕೆ ಅದು ಬೇಕು. ನಾನು ಹುಟ್ಟಿ ಬೆಳೆದಿದ್ದು ವಿಮಾನಪುರದಲ್ಲಿ, ಅಪ್ಪ ಎಚ್‌ಎಎಲ್ ಫಿಟ್ಟರ್. ಕಿರಣ್ ಅಂತ ಟ್ರೈನರ್ ವಿಮಾನ ಇತ್ತು ನೋಡಿ, ಅದರ ರೆಕ್ಕೆಗೆ ರಿವೆಟ್ ಹೊಡೀತಿದ್ರು. ಊಟಕ್ಕೆ ಕೂತಾಗ ಮೇಲೆ ವಿಮಾನ ಹೋದ್ರೆ ತಲೆ ಎತ್ತದೇನೇ ಇಂಥದ್ದು ಅಂತ ಹೆಸರು ಹೇಳೋರು. ಅಂಥ ಮನುಷ್ಯ ರಿಟೈರ್ ಆಗೋವರೆಗೂ ಒಂದು ಸಲಾನೂ ವಿಮಾನ ಹತ್ತಿರಲಿಲ್ಲ, ಕೇಳಿದ್ರೆ "ನಮಗ್ಯಾಕೆ ಅದೆಲ್ಲ, ದುಡ್ಡು ದಂಡ" ಅನ್ನೋರು. 62ನೇ ವಯಸ್ಸಲ್ಲಿ ಕಾಶಿಗೆ ಅಂತ ಕರ್ಕೊಂಡು ಹೋದಾಗ ಟೇಕಾಫ್ ಹೊತ್ತಿಗೆ ನನ್ನ ಕೈ ಹಿಡ್ಕೊಂಡ್ರು, ಅವತ್ತು ಬಿದ್ದ ಉಗುರಿನ ಗುರುತು ಎರಡು ದಿನ ಇತ್ತು. ಆವಾಗ ಗೊತ್ತಾಗಿದ್ದು, ದುಡ್ಡಿನ ಮಾತೆಲ್ಲ ನೆಪ, ಮನುಷ್ಯನಿಗೆ ಭಯ. ಮೂವತ್ತೈದು ವರ್ಷ ವಿಮಾನ ಕಟ್ಟಿದವರಿಗೇ ಹೀಗಾದ್ರೆ ನಿಮಗಾಗೋದು ಏನು ದೊಡ್ಡದು? ತಲೆಗೆ ಗೊತ್ತಿರೋದು ಬೇರೆ, ಹೊಟ್ಟೆಗೆ ಗೊತ್ತಾಗೋದು ಬೇರೆ.

ನೀವು ಟೀಚರ್ ಆಗಿರೋದ್ರಿಂದ ಇದು ಬೇಗ ಅರ್ಥ ಆಗುತ್ತೆ. ಟೆಸ್ಟ್ ದಿನ ಬೆಳಗ್ಗೆ ಹೊಟ್ಟೆನೋವು ಅನ್ನೋ ಮಗು ಇರುತ್ತಲ್ಲ, ಆ ನೋವು ಸುಳ್ಳಲ್ಲ, ನಿಜವಾಗ್ಲೂ ನೋಯ್ತಿರುತ್ತೆ. ಅಮ್ಮ ಪಾಪ ಅಂತ ರಜಾ ಹಾಕಿಸಿದ್ರೆ ಹತ್ತು ಗಂಟೆಗೆ ನೋವು ಮಾಯ. ಮುಂದಿನ ಟೆಸ್ಟಿಗೆ ಹಿಂದಿನ ದಿನ ರಾತ್ರಿನೇ ಶುರುವಾಗುತ್ತೆ, ಅದರ ಮುಂದಿನ ಟೆಸ್ಟಿಗೆ ಟೈಮ್‌ಟೇಬಲ್ ಕೊಟ್ಟ ದಿನಾನೇ. ನೀವು ದೆಹಲಿಗೆ ಟ್ರೈನ್ ಬುಕ್ ಮಾಡಿದ ಕ್ಷಣ ಒಂದು ಹಗುರ ಆಯ್ತಲ್ಲ, "ಅಬ್ಬಾ ಸದ್ಯ" ಅಂತ, ಅದೇ ಆ ರಜಾಚೀಟಿ. ಅವತ್ತು ನಿಮ್ಮ ಮಿದುಳು ಪಾಠ ಬರ್ಕೊಂಡಿದ್ದು ಏನು ಅಂದ್ರೆ, ಪ್ಲೇನ್ ಹತ್ತಲಿಲ್ಲ ಅದಕ್ಕೇ ಬದುಕಿದೆ. ನಾಲ್ಕು ವರ್ಷದಿಂದ ಆ ಪಾಠ ತಪ್ಪು ಅಂತ ತೋರಿಸೋಕೆ ಒಂದು ಅವಕಾಶಾನೂ ಕೊಟ್ಟಿಲ್ಲ ನೀವು. ಮಂಗಳೂರಿನ ಆ ಎರಡು ಗಂಟೆಗಿಂತ ಆಮೇಲಿನ ಈ ನಾಲ್ಕು ವರ್ಷವೇ ಭಯಕ್ಕೆ ಜಾಸ್ತಿ ಗೊಬ್ಬರ ಹಾಕಿರೋದು.

ಈಗ ಆ ಮಂಗಳೂರಿನ ದಿನಕ್ಕೆ ಬರೋಣ, ಅದನ್ನ ನೀವು ಸೀಟಲ್ಲಿ ಕೂತು ನೋಡಿದ್ದೀರಿ, ಕಾಕ್‌ಪಿಟ್ ಕಡೆಯಿಂದ ಒಂದು ಸಲ ನೋಡಿ. ಬಜಪೆ ರನ್‌ವೇ ಗುಡ್ಡದ ನೆತ್ತಿ ಕಡಿದು ಮಾಡಿದ್ದು, ಟೇಬಲ್‌ಟಾಪ್ ಅಂತಾರೆ, 2010ರ ಮೇ 22ರಂದು ಅಲ್ಲಿ ವಿಮಾನ ರನ್‌ವೇ ದಾಟಿ ಹೋಗಿ 158 ಜನ ತೀರ್ಕೊಂಡಿದ್ದು ನಿಮಗೂ ನೆನಪಿರುತ್ತೆ, ಆ ರನ್‌ವೇ ಅಂದ್ರೆ ಪೈಲಟ್‌ಗಳಿಗೂ ನೆನಪಿರುತ್ತೆ. ಇಳಿಯೋವಾಗ ಒಂದು ಎತ್ತರ ಅಂತ ಫಿಕ್ಸ್ ಆಗಿರುತ್ತೆ, ಅಲ್ಲಿಗೆ ಬರೋ ಹೊತ್ತಿಗೆ ರನ್‌ವೇ ಅಥವಾ ಅದರ ಲೈಟು ಕಣ್ಣಿಗೆ ಕಾಣಲಿಲ್ಲ ಅಂದ್ರೆ ಯೋಚನೆ ಮಾಡೋ ಹಾಗೇ ಇಲ್ಲ, ಫುಲ್ ಪವರ್ ಕೊಟ್ಟು ಮೇಲೆ ಹೋಗ್ಬೇಕು, ಅದಕ್ಕೆ ಗೋ-ಅರೌಂಡ್ ಅಂತಾರೆ. ಹೆಬ್ಬಾಳ ಫ್ಲೈಓವರಲ್ಲಿ ನಮ್ಮ ತಿರುವು ಮಿಸ್ ಆಯ್ತು ಅಂದ್ಕೊಳ್ಳಿ. ಅಲ್ಲೇ ನಿಂತು ರಿವರ್ಸ್ ತಗೊಳ್ಳೋರೂ ಇದ್ದಾರೆ, ಮುಂದೆ ಹೋಗಿ ಯು-ಟರ್ನ್ ಹೊಡ್ಕೊಂಡು ಬರೋರೂ ಇದ್ದಾರೆ. ನಿಮ್ಮ ಪೈಲಟ್ ಎರಡನೇ ಜಾತಿ. ಅವರು ಎರಡು ಸಲ ನೋಡಿದ್ರು, ಕಾಣಲಿಲ್ಲ, ಬೇಡ ಅಂತ ಬೆಂಗಳೂರಿಗೆ ತಿರುಗಿಸಿದ್ರು. ಮಳೆಗಾಲದಲ್ಲಿ ಮಂಗಳೂರು ಫ್ಲೈಟ್ ಹೀಗೆ ಬೇರೆ ಕಡೆಗೆ ಹೋಗೋದು ಹೊಸದೇನಲ್ಲ, ಅಲ್ಲಿಯವರನ್ನ ಕೇಳಿ ನೋಡಿ. ಹೀಗೆ ವಾಪಸ್ ಬರೋಕೆ ಬೇಕಾದ ಪೆಟ್ರೋಲ್ ಹೊರಡೋವಾಗ್ಲೇ ಹಾಕಿರ್ತಾರೆ (ಪೆಟ್ರೋಲ್ ಅಂದ್ರೆ ನಮ್ಮಪ್ಪ ಬೈಯೋರು, ಅದು ಸೀಮೆಎಣ್ಣೆ ಜಾತಿಯ ಎಣ್ಣೆ), ಹೋಗೋ ಊರಿಗೆ ಬೇಕಾದಷ್ಟು, ಅಲ್ಲಿಂದ ಬದಲಿ ಏರ್‌ಪೋರ್ಟಿಗೆ ಬೇಕಾದಷ್ಟು, ಅದರ ಮೇಲೆ ಇನ್ನೂ ಅರ್ಧ ಗಂಟೆ ಹಾರೋಕೆ ಅಂತ ಮುಟ್ಟಬಾರದ ರಿಸರ್ವ್ ಬೇರೆ. ಅಂದ್ರೆ ಅವತ್ತು ಏನೋ ಎಡವಟ್ಟಾಗಿ ನೀವು ಬಚಾವಾಗಿದ್ದಲ್ಲ, ಹೇಗೆ ಆಗ್ಬೇಕೋ ಹಾಗೇ ಆಗಿದ್ದು. ನಿಮಗೆ ಆಗಿರೋ ಒಂದೇ ಅನ್ಯಾಯ ಅಂದ್ರೆ ಯಾರೂ ಮೈಕಲ್ಲಿ ನಾಲ್ಕು ಮಾತು ಬಿಡಿಸಿ ಹೇಳದೇ ಇದ್ದಿದ್ದು. ಆ ಹೊತ್ತಲ್ಲಿ ಕಾಕ್‌ಪಿಟ್‌ನಲ್ಲಿ ಕೈತುಂಬ ಕೆಲಸ ಇರುತ್ತೆ ನಿಜ, ಆದ್ರೂ ಆಮೇಲಾದ್ರೂ ಹೇಳಬಹುದಿತ್ತು.

ಅಹಮದಾಬಾದ್ ಬಗ್ಗೆ. 2025ರ ಜೂನ್ 12ರಂದು ಒಳಗಿದ್ದ 242 ಜನರಲ್ಲಿ ಒಬ್ಬರು ಮಾತ್ರ ಉಳಿದ್ರು, ಅದನ್ನ ನಾನು ಚಿಕ್ಕದು ಮಾಡಿ ಹೇಳೋಕೆ ಹೋಗಲ್ಲ, ಅಂಥದ್ದು ಆಗೋದೇ ಇಲ್ಲ ಅಂತ ಸುಳ್ಳು ಸಮಾಧಾನಾನೂ ಹೇಳಲ್ಲ. 2010 ಮಂಗಳೂರು, 2020 ಕೋಯಿಕ್ಕೋಡ್, 2025 ಅಹಮದಾಬಾದ್. ನೋಡಿ, ಊರು ಇಸವಿ ಸಮೇತ ಬಾಯಲ್ಲೇ ಇದೆ. ರಸ್ತೆಯಲ್ಲಿ 2022 ಒಂದೇ ವರ್ಷಕ್ಕೆ ದೇಶದಲ್ಲಿ 1,68,491 ಜನ ಸತ್ತಿದ್ದಾರೆ ಅಂತ ಸರ್ಕಾರದ್ದೇ ಲೆಕ್ಕ ಇದೆ, ಭಾಗಿಸಿ ನೋಡಿ, ದಿನಕ್ಕೆ 460 ದಾಟುತ್ತೆ, ಅದರಲ್ಲಿ ಒಂದು ಊರು ಒಂದು ತಾರೀಖು ಹೇಳಿ ನೋಡೋಣ. ಗಣಿತದ ಟೀಚರ್‌ಗೆ ಇಷ್ಟು ಹೇಳಿದ್ರೆ ಸಾಕಾಗಬೇಕಿತ್ತು, ಆದ್ರೆ ಸಾಕಾಗಲ್ಲ, ನನಗೂ ಗೊತ್ತು. ಮನೆಯವರು "ಪ್ಲೇನೇ ಸೇಫು, ಕಾರೇ ಡೇಂಜರ್" ಅಂತ ನೂರು ಸಲ ಹೇಳಿರ್ತಾರೆ, ಅದರಿಂದ ಭಯ ಹೋದವರನ್ನ ನಾನಂತೂ ನೋಡಿಲ್ಲ, ಭಯದ ಜೊತೆಗೆ ನಾಚಿಕೆ ಬೇರೆ ಸೇರ್ಕೊಳ್ಳುತ್ತೆ ಅಷ್ಟೆ. ಹಾಗಾಗಿ ಲೆಕ್ಕ ಇಲ್ಲಿಗೆ ಬಿಡೋಣ. ಒಂದು ಕೆಲಸ ಮಾತ್ರ ಮಾಡಿ, ಆ ವಿಡಿಯೋಗಳನ್ನ ನಿಲ್ಲಿಸಿಬಿಡಿ. ಒಂದು ನೋಡಿದ್ರೆ ಫೋನು ಅಂಥದ್ದೇ ಇನ್ನೂ ಹತ್ತು ತಂದು ಎದುರಿಗೆ ಇಡುತ್ತೆ, ನೋಡಿ ನೋಡಿ ನಿಮ್ಮ ತಲೆಯೊಳಗೆ ಒಂದು ಅಪಘಾತ ಇನ್ನೂರು ಆಗಿರುತ್ತೆ.

ಇನ್ನು ಕುಲುಕಾಟ. ಭಯ ಇರೋರನ್ನ ಕೂರಿಸಿ ನಿಧಾನವಾಗಿ ಕೇಳಿದ್ರೆ ಕೊನೆಗೆ ಹೊರಗೆ ಬರೋ ಮಾತು ಇದೇ, "ಕೆಳಗೆ ಏನೂ ಇಲ್ವಲ್ಲ!" ಶಿರಾಡಿ ಘಾಟಲ್ಲಿ ಬಸ್ಸು ಇದಕ್ಕಿಂತ ಹತ್ತು ಪಟ್ಟು ಎತ್ತಿ ಹಾಕುತ್ತೆ, ಆದ್ರೆ ಕೆಳಗೆ ರಸ್ತೆ ಇದೆ ಅನ್ನೋ ಧೈರ್ಯ. ಮೇಲೆ ಅದಿಲ್ಲ ಅಂತ ನಿಮ್ಮ ಲೆಕ್ಕ. ಬಸ್ ಕಿಟಕಿಯಿಂದ ಕೈ ಹೊರಗೆ ಹಾಕಬಾರದು ಅಂತ ಬರೆದಿರ್ತಾರೆ, ಚಿಕ್ಕವರಿದ್ದಾಗ ಎಲ್ರೂ ಹಾಕಿದ್ದೀವಿ. ಅಂಗೈ ಸ್ವಲ್ಪ ಓರೆ ಮಾಡಿದ್ರೆ ಗಾಳಿ ಕೈನ ಮೇಲಕ್ಕೆ ಎತ್ತುತ್ತಿತ್ತಲ್ಲ, ನೆನಪು ಮಾಡ್ಕೊಳ್ಳಿ. ಅದು ಗಂಟೆಗೆ ಒಂದು 60 ಕಿಲೋಮೀಟರ್ ಸ್ಪೀಡಲ್ಲಿ. ಗಾಳಿಯ ತಳ್ಳುವ ಬಲ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರುತ್ತೆ, ಅಂದ್ರೆ 240ಕ್ಕೆ ಹೋದ್ರೆ ಸ್ಪೀಡು ನಾಲ್ಕು ಪಟ್ಟು, ಬಲ ಹದಿನಾರು ಪಟ್ಟು. ಜೆಟ್ ನೆಲ ಬಿಡೋದೇ ಸುಮಾರು 250ರ ಆಸುಪಾಸಲ್ಲಿ, ಮೇಲೆ ಹೋದ್ಮೇಲೆ 800 ದಾಟುತ್ತೆ. ಆ ಸ್ಪೀಡಲ್ಲಿ ಗಾಳಿ ಖಾಲಿ ಜಾಗ ಅಲ್ಲ ಮೇಡಂ, ವಿಮಾನ ಹಿಡ್ಕೊಂಡಿರೋ ಗಟ್ಟಿ ವಸ್ತು. ಏರ್‌ಪಾಕೆಟ್ ಅನ್ನೋ ಮಾತೇ ದಾರಿ ತಪ್ಪಿಸೋದು, ಗಾಳಿಯಲ್ಲಿ ಗುಂಡಿ ಇರಲ್ಲ, ಗಾಳಿ ಮೇಲೆ ಕೆಳಗೆ ಹೊರಳಾಡ್ತಿರುತ್ತೆ ಅಷ್ಟೇ. ಎರಡೂ ಇಂಜಿನ್ ನಿಂತೋಯ್ತು ಅಂತಾನೇ ಇಟ್ಕೊಳ್ಳಿ, ಹತ್ತು ಕಿಲೋಮೀಟರ್ ಎತ್ತರದಲ್ಲಿರೋ ವಿಮಾನ ಕಲ್ಲಿನ ಥರ ಬೀಳಲ್ಲ, ತೇಲ್ಕೊಂಡು 150 ಕಿಲೋಮೀಟರ್ ಹತ್ತಿರ ಹೋಗುತ್ತೆ, ಅಂದ್ರೆ ಬೆಂಗಳೂರಿಂದ ಮೈಸೂರು.

ಅದೂ ಅಲ್ದೆ ಎಷ್ಟು ಕೆಳಗೆ ಹೋದ್ವಿ ಅಂತ ನಮ್ಮ ಕಿವಿಯೊಳಗಿನ ಬ್ಯಾಲೆನ್ಸ್ ಹೇಳೋ ಲೆಕ್ಕ ಯಾವಾಗ್ಲೂ ಬುರುಡೆ. 2024ರ ಮೇ ತಿಂಗಳಲ್ಲಿ ಲಂಡನ್‌ನಿಂದ ಸಿಂಗಪುರಕ್ಕೆ ಹೋಗ್ತಿದ್ದ ವಿಮಾನ ಮ್ಯಾನ್ಮಾರ್ ಮೇಲೆ ಭಯಂಕರ ಕುಲುಕಾಟಕ್ಕೆ ಸಿಕ್ಕಿತ್ತು, ಒಬ್ಬರು ತೀರ್ಕೊಂಡ್ರು, ತುಂಬ ಜನರಿಗೆ ಪೆಟ್ಟಾಯ್ತು, ಸಾವಿರಾರು ಅಡಿ ಬಿತ್ತಂತೆ ಅಂತ ಸುದ್ದಿ ಹಬ್ಬಿತ್ತು. ಆಮೇಲೆ ರೆಕಾರ್ಡರ್ ತೆಗೆದು ನೋಡಿದ್ರೆ ಆ ದೊಡ್ಡ ಇಳಿತ ಆಗಿದ್ದು 178 ಅಡಿ, ಐದು ಸೆಕೆಂಡಿಗಿಂತ ಕಮ್ಮಿ ಹೊತ್ತಲ್ಲಿ. ಅದು ಅಷ್ಟು ಅಪರೂಪದ ಕೇಸಲ್ಲಿ. ಬೆಂಗಳೂರು ಸುತ್ತ ನಮಗೆ ಸಿಗೋ ಮಾಮೂಲಿ ಕುಲುಕಾಟದಲ್ಲಿ ಹತ್ತಿಪ್ಪತ್ತು ಅಡಿ ಆಚೀಚೆ ಆದ್ರೆ ಹೆಚ್ಚು. ಅಲ್ಲಿ ಪೆಟ್ಟಾಗಿದ್ದು ಮುಖ್ಯವಾಗಿ ಬೆಲ್ಟ್ ಹಾಕದೇ ಇದ್ದವರಿಗೆ, ವಿಮಾನ ಮುರೀಲಿಲ್ಲ, ಅದು ಬ್ಯಾಂಕಾಕಲ್ಲಿ ಇಳೀತು. ಹಾಗಾಗಿ ಕೂತಿರೋವಷ್ಟು ಹೊತ್ತೂ ಬೆಲ್ಟ್ ಇರಲಿ, ಲೈಟ್ ಆಫ್ ಆದ್ರೂ ಸಡಿಲವಾಗಿ ಇರಲಿ, ಇದು ಭಯಕ್ಕಲ್ಲ, ಬುದ್ಧಿಗೆ. ರೆಕ್ಕೆ ಅಲ್ಲಾಡೋದು ನೋಡಿ ಹೆದರಬೇಡಿ. ಸರ್ವಿಸಲ್ಲಿ ಬರಬಹುದಾದ ಅತಿ ಹೆಚ್ಚು ಭಾರ ಎಷ್ಟು ಅಂತ ಲೆಕ್ಕ ಹಾಕಿ, ಅದರ ಒಂದೂವರೆ ಪಟ್ಟು ತಡೀಬೇಕು ಅನ್ನೋದು ರೂಲು, 2010ರಲ್ಲಿ ಬೋಯಿಂಗ್ 787 ಟೆಸ್ಟ್ ಮಾಡಿದಾಗ ರೆಕ್ಕೆನ ಸುಮಾರು 25 ಅಡಿ ಮೇಲಕ್ಕೆ ಬಗ್ಗಿಸಿದ್ರು. ನಮ್ಮಪ್ಪ ಹೇಳೋರು, "ಬಗ್ಗೋದೇ ಅದರ ಕೆಲಸ ಕಣೇ, ಬಗ್ಗದಿದ್ರೆ ನನ್ನ ಕರೆಸ್ಬೇಕಾಗುತ್ತೆ."

ಸದ್ದುಗಳ ವಿಷಯ ಹೇಳ್ಲೇಬೇಕು, ಭಯ ಇರೋರ ಕಿವಿ ನಾಯಿ ಕಿವಿ ಇದ್ದ ಹಾಗೆ, ಏನೂ ಬಿಡಲ್ಲ. ನಾಯಿ ಅಂದಾಗ ನೆನಪಾಯ್ತು, ಇಲ್ಲಿಂದ ಹೋಗೋ ಹೆಚ್ಚಿನ ವಿಮಾನಗಳು ಏರ್‌ಬಸ್ ಎ320 ಜಾತಿಯವು, ಅದರಲ್ಲಿ ಹೊರಡೋ ಮುಂಚೆ ಅಥವಾ ನೆಲದ ಮೇಲೆ ಹೋಗ್ತಿರೋವಾಗ ಕಾಲಡಿಯಿಂದ "ಬೌ ಬೌ" ಅಂತ ನಾಯಿ ಬೊಗಳಿದ ಹಾಗೆ, ಇಲ್ಲಾ ಗರಗಸ ಎಳೆದ ಹಾಗೆ ಬರುತ್ತೆ. ಅದು ಒಂದು ಹೈಡ್ರಾಲಿಕ್ ಪಂಪು, ಎರಡು ಕಡೆ ಪ್ರೆಷರ್ ಸಮ ಮಾಡ್ತಿರುತ್ತೆ, ಅಷ್ಟೆ. ಆಮೇಲೆ ರನ್‌ವೇ, ನಮ್ಮ ದೇವನಹಳ್ಳಿ ರನ್‌ವೇಗಳು ನಾಲ್ಕು ಕಿಲೋಮೀಟರ್ ಉದ್ದ, ಅಷ್ಟೂ ಬೇಕಾಗಲ್ಲ, ಸುಮಾರು 35-40 ಸೆಕೆಂಡ್ ಓಡಿ ಎದ್ದುಬಿಡುತ್ತೆ, ಎದ್ದ ತಕ್ಷಣ ದಡ್ ಅಂತ ಕೇಳುತ್ತಲ್ಲ ಅದು ಚಕ್ರ ಒಳಗೆ ಮಡಚ್ಕೊಂಡು ಬಾಗಿಲು ಮುಚ್ಚಿಕೊಂಡಿದ್ದು. ಇದಾದ ಮೇಲೆ ಬರೋದೇ ನಿಜವಾದ ವಿಲನ್ನು. ಎದ್ದು ಒಂದು ನಿಮಿಷ ಆಗೋದ್ರೊಳಗೆ ಇಂಜಿನ್ ಸದ್ದು ಇದ್ದಕ್ಕಿದ್ದ ಹಾಗೆ ಇಳಿಯುತ್ತೆ, ಮೂಗು ಸ್ವಲ್ಪ ತಗ್ಗುತ್ತೆ, ಹೊಟ್ಟೆಯಲ್ಲಿ ಲಿಫ್ಟ್ ಇಳಿದ ಹಾಗೆ ಆಗುತ್ತೆ, ಎಲ್ರೂ ಇಂಜಿನ್ ಆಫ್ ಆಯ್ತು ಬಿದ್ವಿ ಅಂದ್ಕೊಳ್ಳೋದು ಇಲ್ಲೇ. ನಿಜಕ್ಕೂ ಏನಾಗಿರುತ್ತೆ ಅಂದ್ರೆ ಟೇಕಾಫಿಗೆ ಕೊಟ್ಟಿದ್ದ ಪವರ್ರನ್ನ ಹತ್ತೋದಕ್ಕೆ ಸಾಕಾಗೋಷ್ಟಕ್ಕೆ ಇಳಿಸಿರ್ತಾರೆ, ಸ್ಕೂಟರಲ್ಲಿ ಸೆಕೆಂಡ್ ಗೇರಿಂದ ಥರ್ಡಿಗೆ ಹಾಕಿದ ಹಾಗೆ, ವಿಮಾನ ಆವಾಗ್ಲೂ ಹತ್ತುತ್ತಾನೇ ಇರುತ್ತೆ. ಇದೊಂದು ಗೊತ್ತಿದ್ರೆ ಅರ್ಧ ಟೇಕಾಫ್ ಗೆದ್ದ ಹಾಗೆ. ಟಿಂಗ್ ಟಿಂಗ್ ಅನ್ನೋದೆಲ್ಲ ಗಗನಸಖಿಯರಿಗೆ ಕಾಲಿಂಗ್ ಬೆಲ್ಲು, ಬಹಳಷ್ಟು ಸಲ ಯಾರೋ ನೀರು ಕೇಳಿರ್ತಾರೆ. ಸೆಖೆ ಊರಲ್ಲಿ ಮೇಲಿಂದ ಹೊಗೆ ಥರ ಬಂದ್ರೆ ಅದು ಎಸಿ ತಣ್ಣಗಿನ ಗಾಳಿಗೆ ಕಟ್ಟಿದ ಮಂಜು. ಇಳಿಯೋವಾಗ ರೆಕ್ಕೆ ಮೇಲೆ ಹಲಗೆಗಳು ಎದ್ದು ನಡುಗುತ್ತೆ, ಅದು ಸ್ಪೀಡ್ ಕಮ್ಮಿ ಮಾಡೋಕೆ, ನೆಲ ಮುಟ್ಟಿದ ಮೇಲೆ ಬರೋ ಘರ್ಜನೆ ಬ್ರೇಕಿಗೆ ಇಂಜಿನ್ ಸಹಾಯ ಮಾಡ್ತಿರೋದು. ಮಳೆಯಲ್ಲಿ ದಬ್ ಅಂತ ಇಳಿಸಿದ್ರೆ ಪೈಲಟ್‌ಗೆ ಕೈ ಕೂತಿಲ್ಲ ಅಂತಲ್ಲ, ನೀರಿನ ಮೇಲೆ ಚಕ್ರ ಜಾರಬಾರದು ಅಂತ ಬೇಕಂತಲೇ ಗಟ್ಟಿಯಾಗಿ ಊರ್ತಾರೆ.

ಇಷ್ಟೆಲ್ಲ ಗೊತ್ತಾದ ಮೇಲೂ ಎದೆ ಹೊಡ್ಕೊಳ್ಳುತ್ತೆ. ಹೊಡ್ಕೊಳ್ಳಲಿ. ಕೈ ಬೆವರೋದು, ಉಸಿರು ಸಾಲದು ಅನ್ಸೋದು, ಎದ್ದು ಓಡಬೇಕು ಅನ್ಸೋದು, ಇದೆಲ್ಲ ಮೈಯೊಳಗಿನ ಅಲಾರಂ, ಹುಲಿ ಬಂದ್ರೂ ಅದೇ ಹೊಡೆಯುತ್ತೆ ಹಲ್ಲಿ ಬಂದ್ರೂ ಅದೇ ಹೊಡೆಯುತ್ತೆ. ನೀವು ಅದರ ಜೊತೆ ಗುದ್ದಾಡದೇ ಇದ್ರೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗೇ ಇಳಿಯೋಕೆ ಶುರುವಾಗುತ್ತೆ. ಉಸಿರಿಗೆ ಒಂದೇ ಒಂದು ಅಭ್ಯಾಸ ಸಾಕು, ಮೂಗಲ್ಲಿ ನಾಲ್ಕು ಎಣಿಸೋವಷ್ಟು ಒಳಗೆ, ಬಾಯಲ್ಲಿ ಆರು ಎಣಿಸೋವಷ್ಟು ಹೊರಗೆ, ಹೊರಗೆ ಬಿಡೋದು ಉದ್ದ ಇರ್ಬೇಕು ಅನ್ನೋದೇ ಗುಟ್ಟು. ಇದನ್ನ ಪ್ಲೇನಲ್ಲಿ ಫಸ್ಟ್ ಟೈಮ್ ಮಾಡೋಕೆ ಹೋಗಬೇಡಿ, ನಾಳೆಯಿಂದ ದಿನಾ ಐದು ನಿಮಿಷ, ಸಿಲ್ಕ್ ಬೋರ್ಡ್ ಸಿಗ್ನಲಲ್ಲಿ ಸಿಕ್ಕಾಕ್ಕೊಂಡಾಗ ಇನ್ನೂ ಒಳ್ಳೇದು, ಅಲ್ಲಂತೂ ಟೈಮಿಗೆ ಬರ ಇಲ್ಲ. ಆಮೇಲೆ ಸೀಟಿನ ಹಿಡಿನ ಬಿಗಿಯಾಗಿ ಹಿಡ್ಕೊಳ್ಳೋದು. ಸೀಟಿನ ಹಿಡಿನ ನೀವು ಎತ್ತಿ ಹಿಡ್ಕೊಂಡಿರೋದ್ರಿಂದ ಪ್ಲೇನ್ ಮೇಲಿಲ್ಲ, ಬಿಟ್ಟು ನೋಡಿ, ಬೀಳಲ್ಲ, ಬೀಳಲ್ಲ ಅಂತ ಮೈಗೆ ಗೊತ್ತಾಗ್ಲಿ. ಗಗನಸಖಿ ಮುಖಾನೇ ನೋಡ್ತಾ ಕೂರೋದು, ಕಿಟಕಿಯಲ್ಲಿ ಇಂಜಿನ್ ಕಾಯೋದು, ರಾಹುಕಾಲ ಬಿಟ್ಟು ಫ್ಲೈಟ್ ಹುಡುಕೋದು, ಇವೆಲ್ಲ ಭಯಕ್ಕೆ ಕೊಡೋ ಮಾಮೂಲು, ಕೊಟ್ಟಷ್ಟೂ ಕೇಳುತ್ತೆ. ವಿಷ್ಣು ಸಹಸ್ರನಾಮ ಹೇಳ್ಕೋಬಾರದಾ ಅಂತ ಕೆಲವರು ಕೇಳ್ತಾರೆ, ಖಂಡಿತ ಹೇಳ್ಕೊಳ್ಳಿ, ಮನಸ್ಸಿಗೆ ಜೊತೆ ಅಂತ. ಆದ್ರೆ ಮಧ್ಯ ಒಂದು ಸಾಲು ತಪ್ಪಿದ್ರೆ ಪ್ಲೇನ್ ಬೀಳುತ್ತೆ ಅಂತ ಮೊದಲಿಂದ ಶುರು ಮಾಡ್ತಿದ್ರೆ ಅಲ್ಲಿ ದೇವರಿಲ್ಲ, ಭಯ ಕೂತಿದೆ.

ಮಾತ್ರೆ ವಿಷಯ ಚಿಕ್ಕದಾಗಿ ಹೇಳ್ತೀನಿ, ಪಕ್ಕದ ಮನೆಯವರದ್ದು ಬೇಡವೇ ಬೇಡ. ಯಾರಿಗೋ ಬರೆದ ಡೋಸು, ನಿಮ್ಮ ಬಿಪಿ ಶುಗರ್ ಏನು ಅಂತ ಅವರಿಗೆ ಗೊತ್ತಿಲ್ಲ, ಹತ್ತು ಗಂಟೆ ಕೂತಲ್ಲೇ ಮಂಪರಲ್ಲಿದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ರಿಸ್ಕ್ ಬೇರೆ. ಇನ್ನೊಂದು, ಇದು ನನ್ನ ಫೀಲ್ಡಿಗೆ ಸೇರಿದ್ದು. 1997ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಪ್ಲೇನ್ ಭಯ ಇರೋ ಹೆಂಗಸರಿಗೆ ಇದೇ ಆಲ್ಪ್ರಜೋಲಾಮ್ ಕೊಟ್ಟು ಹಾರಿಸಿದ್ರು, ಆ ಸಲ ಅವರಿಗೆ ಭಯ ಕಮ್ಮಿ ಅನ್ಸಿತ್ತು, ಆದ್ರೆ ಒಂದು ವಾರ ಬಿಟ್ಟು ಮಾತ್ರೆ ಇಲ್ಲದೆ ಹಾರಿದಾಗ ಸುಮ್ಮನೆ ಡಮ್ಮಿ ಮಾತ್ರೆ ತಗೊಂಡಿದ್ದವರಿಗಿಂತ ಇವರಿಗೇ ಪ್ಯಾನಿಕ್ ಜಾಸ್ತಿ ಆಯ್ತು. ಯಾಕೆ ಅಂದ್ರೆ ಮತ್ತೆ ಅದೇ ರಜಾಚೀಟಿ ಕಥೆ, ಮಾತ್ರೆಯಿಂದ ಬಚಾವಾದೆ ಅಂತ ಮಿದುಳು ಬರ್ಕೊಳ್ಳುತ್ತೆ. ನಿಮಗೆ ನಿದ್ದೆ ಕೆಟ್ಟಿದೆ, ಪ್ಲೇನ್ ಅಲ್ದೇ ಬೇರೆ ಕಡೆನೂ ಗಾಬರಿ ಬರ್ತಿದೆ ಅಂತಾದ್ರೆ ಸೈಕಿಯಾಟ್ರಿಸ್ಟ್ ನೋಡಿ, ನಮ್ಮೂರಲ್ಲೇ ನಿಮ್ಹಾನ್ಸ್ ಇದೆ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ. ಅವರು ಬರೆದುಕೊಟ್ಟ ಮಾತ್ರೆ ತಗೊಳ್ಳೋದ್ರಲ್ಲಿ ತಪ್ಪಿಲ್ಲ.

ಈಗ ನಾಲ್ಕು ತಿಂಗಳ ಹೋಂವರ್ಕ್. ಜುಲೈಯಲ್ಲಿ ಒಂದು ದಿನ ಯಜಮಾನರನ್ನ ಕರ್ಕೊಂಡು ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಮ್ಮಿಗೆ ಹೋಗಿ, ಅಲ್ಲಿ ಹಳೇ ವಿಮಾನಗಳು, ಇಂಜಿನುಗಳು ಇಟ್ಟಿದ್ದಾರೆ, ಹತ್ತಿರ ನಿಂತು ನೋಡಿ. ನಾಲ್ಕು ವರ್ಷದಿಂದ ನೀವು ವಿಮಾನ ನೋಡಿರೋದು ಬರೀ ಟೀವಿಯಲ್ಲಿ, ಅದೂ ಉರೀತಿರೋದನ್ನ. ಆಗಸ್ಟಲ್ಲಿ ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ ಹತ್ತಿ ಏರ್‌ಪೋರ್ಟಿಗೆ ಹೋಗಿ, ಯಾರನ್ನೂ ಬಿಡೋಕಲ್ಲ ಕರ್ಕೊಂಡು ಬರೋಕಲ್ಲ, ಸುಮ್ಮನೆ. ಟಿಕೆಟ್ ಇಲ್ದೆ ಒಳಗೆ ಬಿಡಲ್ಲ, ಹೊರಗೆ ಕೂರೋಕೆ ಕಾಫಿ ಕುಡಿಯೋಕೆ ಜಾಗ ಇದೆ. ಒಂದು ಗಂಟೆ ಕೂತು ವಿಮಾನ ಏಳೋ ಸದ್ದು ಕೇಳಿ, ಮೊದಲ ಹತ್ತಕ್ಕೆ ಎದೆ ಝಲ್ ಅನ್ನುತ್ತೆ, ಮೂವತ್ತನೇದಕ್ಕೆ ಕಾಫಿ ರೇಟ್ ಬಗ್ಗೆ ಯಜಮಾನರ ಹತ್ರ ಗೊಣಗ್ತಿರ್ತೀರಿ. ಝಲ್ ಅನ್ನೋದು ಇಳಿಯೋವರೆಗೂ ಎದ್ದು ಬರಬೇಡಿ, ಇದು ಮುಖ್ಯ. ಭಯ ಜಾಸ್ತಿ ಇರೋವಾಗ್ಲೇ ಎದ್ದು ಬಂದ್ರೆ ಇನ್ನೊಂದು ದೆಹಲಿ ಟ್ರೈನ್ ಹತ್ತಿದ ಹಾಗೆ ಆಗುತ್ತೆ.

ಸೆಪ್ಟೆಂಬರಲ್ಲಿ ಹೈದರಾಬಾದ್, ಬೆಳಗ್ಗೆ ಹೋಗಿ ಅವತ್ತೇ ವಾಪಸ್, ಗಾಳಿಯಲ್ಲಿ ಒಂದು ಗಂಟೆ ಚಿಲ್ಲರೆ. ಬೆಳಗಿನ ಫ್ಲೈಟ್ ಯಾಕೆ ಅಂದ್ರೆ ನೆಲ ಕಾದಷ್ಟೂ ಗಾಳಿ ಮೇಲೇಳುತ್ತೆ, ಮಧ್ಯಾಹ್ನ ಆದ್ಮೇಲೆ ಮೋಡ ಕಟ್ಟೋದು ಗುಡುಗೋದು ನಮ್ಮೂರಲ್ಲಿ ಮಾಮೂಲು, ಬೆಳಗ್ಗೆ ಏಳಕ್ಕೆ ಸಾಮಾನ್ಯವಾಗಿ ಶಾಂತ. ಬುಕ್ ಮಾಡೋವಾಗ ಎಟಿಆರ್ ಅಂತಿದ್ರೆ ಸದ್ಯಕ್ಕೆ ಬೇಡ, ರೆಕ್ಕೆಗೆ ಫ್ಯಾನ್ ಇರೋ ಚಿಕ್ಕ ವಿಮಾನ ಅದು, ಅಪಾಯ ಅಂತಲ್ಲ, ಕೆಳಗಿನ ಎತ್ತರದಲ್ಲಿ ಹಾರೋದ್ರಿಂದ ಕುಲುಕಾಟ ಜಾಸ್ತಿ, ಸದ್ದೂ ಜಾಸ್ತಿ. ಸೀಟು ರೆಕ್ಕೆ ಹತ್ತಿರ ತಗೊಳ್ಳಿ, ತಕ್ಕಡಿ ಮಧ್ಯದ ಹಾಗೆ ಅಲ್ಲಿ ಆಡೋದು ಕಮ್ಮಿ, ಹಿಂದುಗಡೆ ಸಾಲು ಜಾಸ್ತಿ ಆಡುತ್ತೆ. ಹತ್ತೋವಾಗ ಬಾಗಿಲಲ್ಲಿ ನಿಂತಿರೋರಿಗೆ "ನನಗೆ ಸ್ವಲ್ಪ ಭಯ ಅಮ್ಮ" ಅಂತ ಹೇಳಿಬಿಡಿ, ನಾಚಿಕೆ ಪಡಬೇಡಿ, ಅವರಿಗೆ ಇದು ದಿನಾ ನೋಡೋದೇ, ಮಧ್ಯ ಒಂದ್ಸಲ ಬಂದು ಮಾತಾಡಿಸಿ ಹೋಗ್ತಾರೆ.

ಅಕ್ಟೋಬರಲ್ಲಿ ಮಂಗಳೂರು. ಹೌದು, ಅದೇ ಮಂಗಳೂರು, ಅದೇ ಬಜಪೆ. ಇದನ್ನ ಓದಿ ನೀವು ಫೋನ್ ಕೆಳಗಿಟ್ಟಿರ್ತೀರಿ ಅಂತ ಗೊತ್ತು, ಮತ್ತೆ ತಗೊಳ್ಳಿ. ಭಯ ಶುರುವಾದ ಜಾಗಕ್ಕೇ ಒಂದು ಸಲ ಹೋಗಿ ಇಳಿದು, ನಾದಿನಿ ಮನೇಲಿ ನೀರುದೋಸೆ ತಿಂದು ವಾಪಸ್ ಹಾರಿ ಬಂದ್ರೆ ಫ್ರಾಂಕ್‌ಫರ್ಟ್ ದೊಡ್ಡ ವಿಷಯ ಅಲ್ಲ. ಅವತ್ತೂ ಗೋ-ಅರೌಂಡ್ ಆಯ್ತು ಅಂದ್ರೆ? ಆಗ್ಲಿ, ಹೆಬ್ಬಾಳದ ಯು-ಟರ್ನ್ ನೆನಪು ಮಾಡ್ಕೊಳ್ಳಿ. ಈ ಮೂರು ಪ್ರಯಾಣಕ್ಕೂ ಹಿಂದಿನ ರಾತ್ರಿ ಒಂದು ಹಾಳೆ ಮೇಲೆ ಏನೇನಾಗುತ್ತೆ ಅಂತ ನಿಮಗೆ ಅನ್ಸುತ್ತೋ ಬರೀರಿ, "ಕಿರುಚ್ತೀನಿ, ಉಸಿರು ನಿಲ್ಲುತ್ತೆ, ಮಾನ ಹೋಗುತ್ತೆ" ಎಲ್ಲಾನೂ, ಬಂದ ಮೇಲೆ ಅದರ ಎದುರಿಗೆ ನಿಜಕ್ಕೂ ಏನಾಯ್ತು ಅಂತ ಬರೀರಿ, ಕೆಂಪು ಇಂಕಲ್ಲಿ, ಪೇಪರ್ ತಿದ್ದೋ ಹಾಗೆ. ಅಭ್ಯಾಸದ ಕೈ ನಿಮ್ಮದು.

ನವೆಂಬರ್ ಬಗ್ಗೆ ನನಗೆ ಅಷ್ಟೇನು ಚಿಂತೆ ಇಲ್ಲ. ಇಂಟರ್‌ನ್ಯಾಷನಲ್ ಫ್ಲೈಟುಗಳೆಲ್ಲ ಟರ್ಮಿನಲ್ 2ರಿಂದ, ಬಿದಿರು, ತೂಗಾಡೋ ಗಿಡ ಎಲ್ಲ ಇದೆ, ಬೇಗ ಹೋಗಿ ಆರಾಮಾಗಿ ಕೂತ್ಕೊಳ್ಳಿ, ಓಡ್ಕೊಂಡು ಹೋಗಿ ಹತ್ತಿದ್ರೆ ಎದೆ ಬಡಿತಕ್ಕೆ ಭಯವೋ ಓಟವೋ ಗೊತ್ತಾಗಲ್ಲ. ಡೈರೆಕ್ಟ್ ಫ್ಲೈಟೇ ತಗೊಳ್ಳಿ, ನಾಲ್ಕು ಕಾಸು ಹೆಚ್ಚಾದ್ರೂ ಒಂದೇ ಟೇಕಾಫ್ ಒಂದೇ ಲ್ಯಾಂಡಿಂಗ್. ಯುರೋಪಿನ ಫ್ಲೈಟುಗಳು ಹೆಚ್ಚಾಗಿ ನಡುರಾತ್ರಿ ದಾಟಿದ ಮೇಲೆ ಹೊರಡ್ತವೆ, ಹತ್ತು ಗಂಟೆ ಹತ್ರ ಪ್ರಯಾಣ, ಐಲ್ ಸೀಟ್ ಕೇಳಿ, ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ, ಕಾಫಿ ಕಮ್ಮಿ ಮಾಡಿ ನೀರು ಜಾಸ್ತಿ ಕುಡೀರಿ. ಒಳಗೆ ಉಸಿರು ಸಾಲದು ಅನ್ನಿಸಿದ್ರೆ ಒಂದು ವಿಷಯ ನೆನಪಿರಲಿ, ಹೊರಗೆ ಎಷ್ಟೇ ಎತ್ತರ ಇದ್ರೂ ಒಳಗಿನ ಗಾಳಿನ 8000 ಅಡಿ ಎತ್ತರದಷ್ಟಕ್ಕೇ ಇಟ್ಟಿರ್ತಾರೆ, ಹೊಸ ವಿಮಾನಗಳಲ್ಲಿ ಇನ್ನೂ ಕೆಳಗೆ. ಊಟಿಯ ದೊಡ್ಡಬೆಟ್ಟ ಅದಕ್ಕಿಂತ ಎತ್ತರ, ಅಲ್ಲಿ ಮಕ್ಕಳನ್ನ ಟ್ರಿಪ್ ಕರ್ಕೊಂಡು ಹೋಗಿ ಕಿರುಚಿ ಕಿರುಚಿ ಲೆಕ್ಕ ಹಾಕಿರ್ತೀರಲ್ಲ, ಉಸಿರು ಸಾಕಾಗಿತ್ತು ತಾನೆ.

ಕೊನೇದಾಗಿ ನೀವು ಕೇಳದೇ ಇದ್ದ ವಿಷಯ, ಆದ್ರೆ ಬಾಣಂತನಕ್ಕೆ ಹೊರಟ ಪ್ರತಿಯೊಬ್ಬ ತಾಯಿನೂ ಏರ್‌ಪೋರ್ಟಲ್ಲಿ ಬ್ಯಾಗ್ ಬಿಚ್ಚೋದು ಇದಕ್ಕೇ. ಅಂಟಿನುಂಡೆ ಅಲ್ಲೇ ಕಟ್ಟೋಣ ಅಂತ ಒಣಕೊಬ್ಬರಿ ಗಿಟಕು ತುಂಬ್ಕೊಂಡು ಹೋಗಬೇಡಿ, ಎಣ್ಣೆ ಅಂಶಕ್ಕೆ ಬೆಂಕಿ ಹಿಡಿಯುತ್ತೆ ಅಂತ ಬ್ಯಾಗಲ್ಲಿ ಬಿಡಲ್ಲ, ಎಕ್ಸ್‌ರೇಯಲ್ಲಿ ಕಾಣ್ಸಿದ್ರೆ ನಿಲ್ಲಿಸಿ ತೆಗೆಸ್ತಾರೆ. ಮನೆ ತುಪ್ಪಾನೂ ಬೇಡ, ಯುರೋಪಿನೊಳಗೆ ಹೊರಗಿನ ಹಾಲಿನ ಪದಾರ್ಥ ತರೋ ಹಾಗಿಲ್ಲ, ಬೆಣ್ಣೆ ಅಲ್ಲೇ ತಗೊಂಡು ಕಾಯಿಸಿದ್ರಾಯ್ತು. ಮೆಣಸು, ಓಮ, ಒಣಶುಂಠಿ, ಅಂಟು ಬೇರೆ ಬೇರೆ ಪ್ಯಾಕ್ ಮಾಡಿ ಮೇಲೆ ಹೆಸರು ಬರೆದು ದೊಡ್ಡ ಬ್ಯಾಗಿಗೆ ಹಾಕಿ.